ಗಾಳಿ ನೋಡಲು ಹೋದ ನಾವು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಕಾವಲಿಯ ಮೇಲೆ ತುಪ್ಪ ಸವರಿ ಬ್ರೆಡ್ಡು ಸುಡುತ್ತಿದ್ದಳು. ದೋಸೆಹಿಟ್ಟು ಮುಗಿದ ದಿನ ನಮ್ಮ ಮನೆಯಲ್ಲಿ ಇದೇ ತಿಂಡಿ. ವಾಸನೆ ಹಜಾರದವರೆಗೆ ಬಂದದ್ದೇ ತಡ, ನಾನು ಪೇಪರು ಮಡಿಚಿಟ್ಟು ಎದ್ದು ಹೋಗಿ ಗೇಟಿನ ಬಳಿ ನಿಂತೆ. ಬ್ರೆಡ್ಡು ನನ್ನ ಹೊಟ್ಟೆಗೆ ಆಗುವುದಿಲ್ಲ ಎಂದು ಮನೆಯವರೆಲ್ಲ ನಂಬಿದ್ದಾರೆ. ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನ ಹೊಟ್ಟೆ ಕಲ್ಲು ಕೊಟ್ಟರೂ ಅರಗಿಸುತ್ತದೆ. ಅರಗದೆ ಉಳಿದಿರುವುದು ನಾಲ್ಕು ವರ್ಷದ ಹಿಂದಿನ ಒಂದು ನಾಚಿಕೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ಯಾರಿಗಾದರೂ ಏನಾದರೂ ಕೆಟ್ಟದ್ದಾದರೆ ಹೋಗಿ ‘ಮಾತಾಡಿಸಿಕೊಂಡು’ ಬರಬೇಕು. ಕಾಲು ಮುರಿದರೂ ಹೋಗಬೇಕು, ಹಸು ಸತ್ತರೂ ಹೋಗಬೇಕು. ಹೋಗದಿದ್ದವನ ಹೆಸರನ್ನು ಅವರ ಮೊಮ್ಮಕ್ಕಳ ಮದುವೆಯವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಕೈಬೀಸಿಕೊಂಡು ಹೋಗುವಂತೆಯೂ ಇಲ್ಲ, ಒಂದು ಪೌಂಡು ಬ್ರೆಡ್ಡು ಹಿಡಿದಿರಬೇಕು. ಇದರ ಸೊಗಸೇನೆಂದರೆ, ಮಾತಾಡಿಸಲು ಹೋದವನು ಮಾತಾಡಬೇಕಾಗಿಲ್ಲ. ಕಾಲು ಮುರಿದುಕೊಂಡವನೇ ಮಾತಾಡಬೇಕು. ಹೇಗಾಯಿತು, ಎಲ್ಲಾಯಿತು, ಆಗ ಯಾರ್ಯಾರಿದ್ದರು ಎಂದು ಮೊದಲಿನಿಂದ ಹೇಳಬೇಕು. ಅರ್ಧ ಹೇಳುವಷ್ಟರಲ್ಲಿ ಇನ್ನೊಬ್ಬರು ಬ್ರೆಡ್ಡು ಹಿಡಿದು ಬಂದರೆ ಮತ್ತೆ ಮೊದಲಿನಿಂದ ಶುರು. ಕೇಳುವವರು ಕಾಫಿ ಕುಡಿದು ‘ಅಯ್ಯೋ ಶಿವನೇ’ ಎಂದು ಎದ್ದುಬರುತ್ತಾರೆ. ಕಷ್ಟಸುಖ ವಿಚಾರಿಸಿದ ಸಮಾಧಾನ ಅವರಿಗೆ ಎರಡು ದಿನ ಇರುತ್ತದೆ.

ಈ ಪದ್ಧತಿಯಲ್ಲಿ ನಾನು ನುರಿತವನು. ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ರಜಾ ಚೀಟಿಯ ಮೇಲೆ ‘ತುರ್ತು ಕೌಟುಂಬಿಕ ಕಾರಣ’ ಎಂದು ಬರೆದು ನಾನು ಹೋಗಿಬಂದ ಮನೆಗಳು ಎಷ್ಟೋ.

ಅತ್ತೆಯ ಊರಿನಲ್ಲಿ ಗಾಳಿಯೆದ್ದ ಸುದ್ದಿ ಬಂದದ್ದು ವೈಶಾಖದ ಒಂದು ಮಧ್ಯಾಹ್ನ. ಅತ್ತೆ ಎಂದರೆ ನನ್ನ ತಂದೆಯ ತಂಗಿ ಚಿಕ್ಕತಾಯಮ್ಮ. ನಾಗಮಂಗಲದ ದೇವಲಾಪುರದಿಂದಾಚೆ ಅವಳ ಹಳ್ಳಿ. ಮಾವ ಹೋಗಿ ಹತ್ತು ವರ್ಷವಾಗಿತ್ತು. ಒಬ್ಬನೇ ಮಗ ಮಂಜ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನಿಗೆ ಆಗಷ್ಟೇ ಹೇಮಗಿರಿ ಕಡೆಯಿಂದ ಸವಿತಾ ಎಂಬ ಹುಡುಗಿಯನ್ನು ತಂದಿದ್ದರು. ಆ ಮದುವೆಯಲ್ಲಿ ನಾನು ಮೂರು ಸಲ ಪಾಯಸ ಹಾಕಿಸಿಕೊಂಡಿದ್ದೆ.

ಆ ಬೆದ್ದಲು ಸೀಮೆಯಲ್ಲಿ ಬೇಸಿಗೆಯ ಸುಂಟರಗಾಳಿ ಹೊಸದೇನಲ್ಲ. ಚಿಕ್ಕವನಿದ್ದಾಗ ಅತ್ತೆಯ ಮನೆಗೆ ರಜೆಗೆ ಹೋದರೆ, ಉತ್ತ ಹೊಲದಲ್ಲಿ ಆಳೆತ್ತರದ ಕೆಂಪು ಧೂಳು ಗಿರಗಿರ ತಿರುಗಿಕೊಂಡು ಹೋಗುವುದನ್ನು ನೋಡುತ್ತಿದ್ದೆವು. ಅದರೊಳಗೆ ದೆವ್ವ ಇರುತ್ತದೆಂದು ಥೂ ಥೂ ಎಂದು ಉಗಿಯುತ್ತಿದ್ದೆವು. ಅದು ಎರಡು ಒಣಗರಿಗಳನ್ನು ಎತ್ತಿ ಹಾಕಿ ಸುಮ್ಮನಾಗುತ್ತಿತ್ತು. ಆವತ್ತಿನದು ಸುಮ್ಮನಾಗುವ ಜಾತಿಯದಾಗಿರಲಿಲ್ಲ. ಊರ ಪಡುವಣಕ್ಕೆ ಕಪ್ಪಾಗಿ ಎದ್ದು, ಕೆರೆ ಏರಿ ಹತ್ತಿ ಇಳಿದು, ಒಂದು ಸಾಲು ಹಿಡಿದು ಹೋಯಿತಂತೆ. ಸಾಲಿನಲ್ಲಿದ್ದ ಹನ್ನೊಂದು ಮನೆಗಳ ಚಾವಣಿ ಎದ್ದುಹೋಯಿತು, ಎರಡು ತೆಂಗಿನ ಮರಗಳ ತಲೆ ತಿರುಚಿಹೋಯಿತು, ಟ್ರಾಕ್ಟರಿನ ಟ್ರೈಲರು ಮಗುಚಿಕೊಂಡಿತು. ಸಾಲಿನಿಂದ ಹತ್ತು ಮಾರು ಆಚೆಯಿದ್ದ ಹುಲ್ಲಿನ ಮೆದೆಯ ಒಂದು ಎಳೆಯೂ ಅಲುಗಿರಲಿಲ್ಲ. ಒಂದು ಪುಣ್ಯ, ಯಾರ ಜೀವವೂ ಹೋಗಲಿಲ್ಲ.

ಮರುದಿನ ಹೊರಟೆ. ನಮ್ಮ ಹೆಡ್‌ಕ್ಲಾರ್ಕು ಶ್ರೀಕಂಠಮೂರ್ತಿ ತಮ್ಮ ಕಾರಿನಲ್ಲೇ ಹೋಗೋಣ ಎಂದರು. ಅವರದು ತಲೆತಲಾಂತರದಿಂದ ದೇವಸ್ಥಾನದ ಸೇವೆಯಲ್ಲಿರುವ ಮನೆತನ, ಬಲು ಮೃದು ಮನಸ್ಸು. ವಿದೇಶದ ಸುಂಟರಗಾಳಿಗಳ ವಿಡಿಯೋಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ನೋಡುವುದು ಅವರ ಹವ್ಯಾಸ. ಮನೆಗಳು ಬೆಂಕಿಪೊಟ್ಟಣದ ಹಾಗೆ ಎದ್ದುಹೋಗುವಾಗ ‘ಪಾಪ, ಪಾಪ’ ಎನ್ನುತ್ತಾ ಮುಂದಿನದನ್ನು ಒತ್ತುತ್ತಿದ್ದರು. ಇಷ್ಟು ಹತ್ತಿರದಲ್ಲಿ, ಅದೂ ಪೆಟ್ರೋಲು ಖರ್ಚಿನಲ್ಲಿ ನೋಡಸಿಗುತ್ತದೆಂದರೆ ಬಿಡುತ್ತಾರೆಯೇ. ಪಾಂಡವಪುರದಲ್ಲಿ ಕಾರು ನಿಲ್ಲಿಸಿ ಬ್ರೆಡ್ಡು ತೆಗೆದುಕೊಂಡೆವು. ಚಾವಣಿ ಹೋದ ಮನೆಗೆ ಬ್ರೆಡ್ಡು ಯಾಕೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಯದಿದ್ದವರು ನಾವಿಬ್ಬರೇ ಅಲ್ಲವೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ಅತ್ತೆಯ ಪಡಸಾಲೆಯಲ್ಲಿ ಆಕಾಶ ಕಾಣುತ್ತಿತ್ತು, ನೆಲದ ಮೇಲೆ ಬ್ರೆಡ್ಡಿನ ರಾಶಿ ಬಿದ್ದಿತ್ತು. ಕೊಟ್ಟಿಗೆಯ ಸೀಮೆಹಸುವಿನ ಮುಂದೆಯೂ ಒಂದು ಪೊಟ್ಟಣ ಬಿಚ್ಚಿ ಸುರಿದಿದ್ದರು. ಅದು ಮೂಸಿ ಮುಖ ತಿರುಗಿಸಿತ್ತು. ಊರ ಬಾಗಿಲಲ್ಲಿ ಕಾರು, ಬೈಕುಗಳ ಸಾಲು. ಮೇಲುಕೋಟೆಗೆ ಹೊರಟಿದ್ದ ಒಂದು ಸಂಸಾರ ದಾರಿಯಲ್ಲೇ ಅಲ್ಲವೇ ಎಂದು ಇಳಿದು ನೋಡಿ, ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿತ್ತು. ಮಗುಚಿದ ಟ್ರೈಲರಿನ ಮೇಲೆ ಹತ್ತಿ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಚುರುಮುರಿ ಗಾಡಿಯವನೊಬ್ಬ ಎಲ್ಲಿಂದಲೋ ತಳ್ಳಿಕೊಂಡು ಬಂದಿದ್ದ. ಇಷ್ಟು ಜನರಲ್ಲಿ ಒಬ್ಬರಾದರೂ ಒಂದು ತಗಡಿನ ಶೀಟು ಎತ್ತಿಕೊಟ್ಟದ್ದನ್ನು ನಾನು ಕಾಣಲಿಲ್ಲ. ನಾನೂ ಎತ್ತಲಿಲ್ಲ ಅನ್ನಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ.

ಎತ್ತಲು ಹೊರಟವಳು ಒಬ್ಬಳೇ, ಆ ಹೊಸ ಸೊಸೆ ಸವಿತಾ. ಕೈಯ ಮದರಂಗಿ ಇನ್ನೂ ಅಳಿಸಿರಲಿಲ್ಲ. ಬೇಲಿಯ ಮೇಲೆ ಬಿದ್ದಿದ್ದ ಶೀಟೊಂದನ್ನು ಎಳೆದು ತಂದು ರಾಗಿಮೂಟೆಗಳ ಮೇಲೆ ಹೊದಿಸಲು ನೋಡುತ್ತಿದ್ದಳು. ಸಂಜೆಗೆ ಮತ್ತೆ ಮೋಡ ಕಟ್ಟುವ ಹಾಗಿತ್ತು. ಸುತ್ತ ನಿಂತವರೆಲ್ಲ ಒಟ್ಟಿಗೆ ಬೇಡವೆಂದರು. ಮಹಜರು ಆಗುವ ತನಕ ಬಿದ್ದದ್ದು ಬಿದ್ದಲ್ಲೇ ಇರಬೇಕು, ಮುಟ್ಟಿದರೆ ಪರಿಹಾರ ಬರುವುದಿಲ್ಲ, ಕಚೇರಿಯವರು ಬಂದು ಫೋಟೋ ತೆಗೆಯಬೇಕು. ಕಚೇರಿಯಲ್ಲಿ ಕೆಲಸ ಮಾಡುವವನು ಎಂಬ ಠೀವಿಯಲ್ಲಿ ನಾನೂ ಅದಕ್ಕೆ ತಲೆಯಾಡಿಸಿದೆ. ಅವಳು ಶೀಟನ್ನು ಬಿಟ್ಟು ನಮ್ಮೆಲ್ಲರ ಮುಖ ನೋಡಿ ಒಳಗೆ ಹೋದಳು. ಆ ಸಂಜೆ ಮಳೆ ಬಂತು. ರಾಗಿ ನೆನೆದು ಮೊಳಕೆಯೊಡೆದ ಮೇಲೆ ಮಹಜರು ಆಯಿತು.

ಅತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡು ಗೊಳೋ ಎಂದು ಅತ್ತಳು. ನಾನು ಅವಳ ಪಕ್ಕ ಕುಳಿತು ಕೈ ಹಿಡಿದುಕೊಂಡೆ ಎಂದು ಬರೆಯಲು ಆಸೆಯಾಗುತ್ತದೆ. ನಿಜವಾಗಿ ನಾನು ಮಾಡಿದ್ದು ಜೇಬಿನಿಂದ ಫೋನು ತೆಗೆದದ್ದು. ಹೇಗಾಯಿತು ಹೇಳತ್ತೆ ಎಂದೆ, ಅವಳು ಹೇಳಿದಳು. ಇಡೀ ನಾಲ್ಕು ನಿಮಿಷ ಹಿಡಿದೆ. ಅದರ ನಡುವಿನ ಒಂದು ತುಣುಕು ಇಲ್ಲಿ ಮುಖ್ಯ.

“ಪಡಸಾಲೇಲಿ ಕುಂತು ಕಡ್ಲೇಕಾಯಿ ಬುಡುಸ್ತಿದ್ದೆ ಕಣ್ಲಾ. ಅದೇನ್ ಬಂತೋ, ಕಣ್ ಕಾಣ್ಲಿಲ್ಲ, ಏಳಕ್ಕೇ ಆಗ್ಲಿಲ್ಲ. ಇವ್ಳು ಓಡ್ಬಂದು ನನ್ ರಟ್ಟೆ ಇಡ್ಕಂಡು ದರದರ ಎಳ್ಕಂಡೋಗಿ ಅಡ್ಗೆಮನೆ ಮೂಲೇಲಿ ಅಮುಕ್ಬುಟ್ಲು. ನನ್ ಮೇಲೆ ಇವ್ಳು ಕವುಚ್ಕಂಡ್ಲು. ನಾವ್ ಅತ್ಲಾಗೋದ್ವು, ಇತ್ಲಾಗೆ ತೊಲೆ ನಾನ್ ಕುಂತಿದ್ ಜಾಗಕ್ಕೇ ಬಿತ್ತು. ಎತ್ತ ಮಗ್ಳಾದ್ರೂ ಎದ್ರುಕಂಡು ಓಡೋಗಿರೋಳು.”

ಶ್ರೀಕಂಠಮೂರ್ತಿಗಳಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವರಿಗೆ ಬೇಕಾಗಿದ್ದುದೇ ಬೇರೆ. ಶಬ್ದ ಹೇಗಿತ್ತಮ್ಮ, ರೈಲು ಬಂದ ಹಾಗಿತ್ತೇ ಎಂದು ಕೇಳಿದರು. ವಿದೇಶದಲ್ಲಿ ಎಲ್ಲರೂ ಹಾಗೇ ಹೇಳುತ್ತಾರಂತೆ. ಅತ್ತೆ ಕಣ್ಣೊರೆಸಿಕೊಂಡು, ನಮ್ಮೂರಿಗೆ ರೈಲು ಬರುವುದಿಲ್ಲ ಸ್ವಾಮಿ, ನನಗೇನು ಗೊತ್ತು ಎಂದಳು.

ಮನೆಗೆ ಬಂದ ಮೇಲೆ ನನ್ನ ಸಾಹಿತ್ಯ ಕೆರಳಿತು. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಗೆದ್ದವನು ನಾನು, ಮೊದಲನೆಯದು ಬಂದಿದ್ದರೆ ಈ ಕಾಯಿಲೆ ಇಷ್ಟು ಹೊತ್ತಿಗೆ ವಾಸಿಯಾಗಿರುತ್ತಿತ್ತು. ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಬೇಕಿತ್ತು. ಅಲ್ಲಿ ನಾಲ್ಕು ನಿಮಿಷ ಹಿಡಿಸುವುದಿಲ್ಲ, ಅಷ್ಟು ಹೊತ್ತು ನೋಡುವ ತಾಳ್ಮೆ ಯಾರಿಗಿದೆ. ಆದ್ದರಿಂದ ಅತ್ತೆ ಗೊಳೋ ಎನ್ನುವುದನ್ನು, ಮೇಲೆ ಬಯಲಾದ ಆಕಾಶವನ್ನು, ಕೊನೆಗೆ ಮದರಂಗಿ ಕೈಯ ಹುಡುಗಿ ಹೊರಗೆ ಬಂದವಳು ತಲೆತಗ್ಗಿಸಿ ಮತ್ತೆ ಒಳಗೆ ಹೋಗುವುದನ್ನು ಉಳಿಸಿಕೊಂಡೆ. ರಟ್ಟೆ ಹಿಡಿದೆಳೆದ ಮಾತನ್ನು ಕತ್ತರಿಸಿದೆ. ಅಲ್ಲಿ ಅತ್ತೆ ಅಳುತ್ತಿರಲಿಲ್ಲ, ಹಾಗಾಗಿ ರಸಭಂಗವಾಗುತ್ತಿತ್ತು. ಕೆಳಗೆ ಒಂದು ಸಾಲು ಬರೆದೆ: ‘ಹೊಸ ಸೊಸೆ ಹೊಸ್ತಿಲು ತುಳಿದ ಹದಿನಾರನೇ ದಿನ, ಹಾರಿಹೋಯಿತು ಸೂರು.’

ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನಾನು ಹೇಳಹೊರಟದ್ದು ಪಾಪ, ಹುಡುಗಿ ಸಂಸಾರ ಶುರುಮಾಡುವ ಹೊತ್ತಿಗೆ ಹೀಗಾಯಿತಲ್ಲ ಎಂಬ ಕರುಣೆಯನ್ನು. ನಮ್ಮ ಜನ ಅದನ್ನು ಹೇಗೆ ಓದುತ್ತಾರೆಂದು ತಿಳಿಯದಷ್ಟು ಪೆದ್ದನೇನಲ್ಲ ನಾನು. ಮದುವೆಯಾಗಿ ವರ್ಷದೊಳಗೆ ಎಮ್ಮೆ ಕಂದು ಹಾಕಿದರೂ ಸೊಸೆಯ ಕಾಲ್ಗುಣದ ಲೆಕ್ಕ ತೆಗೆಯುವವರ ನಡುವೆಯೇ ಹುಟ್ಟಿಬೆಳೆದವನು. ಆದರೆ ಸಾಲು ಚೆನ್ನಾಗಿ ಬಂದಿತ್ತು.

ಸಾಲು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾಗಮಂಗಲ ದಾಟಿ ಕೆ.ಆರ್. ಪೇಟೆಯವರೆಗೆ ಹೋಯಿತು. ನನಗೇ ನಾಲ್ಕು ಕಡೆಯಿಂದ ವಾಪಸು ಬಂತು, ಕೈಮುಗಿದ ಚಿತ್ರಗಳ ಸಮೇತ. ಶ್ರೀಕಂಠಮೂರ್ತಿಗಳು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿ ನಾನೂ ಅಲ್ಲೇ ಇದ್ದೆ ಎಂದರು.

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಹೊಸ ಶೀಟು ಹೊದಿಸಿದ್ದರು. ಮಾತಾಡಿಸುವವರು ಇನ್ನೂ ಬರುತ್ತಲೇ ಇದ್ದರು. ಅತ್ತೆ ಈಗ ಅಳುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲಿ ಕೇಳುವವರು ‘ಅಯ್ಯೋ ಶಿವನೇ’ ಎನ್ನುತ್ತಾರೆ, ಎಲ್ಲ ಅವಳಿಗೆ ಕೂತುಹೋಗಿತ್ತು. ಗಾಳಿ ರೈಲು ಬಂದಂಗೆ ಬಂತು ಎಂದು ಶುರುಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. ಬಂದವರು ಕೇಳಿ ಕೇಳಿ ಅವಳ ಬಾಯಿಗೆ ರೈಲು ಕೊಟ್ಟುಹೋಗಿದ್ದರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಬಂದವರು ಕೊಟ್ಟುಹೋದದ್ದು ರೈಲೊಂದೇ ಆಗಿರಲಿಲ್ಲ. ನಮ್ಮ ಟೈಮು ಸರಿಯಿಲ್ಲ, ಮದುವೆಯಾಗಿ ಹದಿನಾರೇ ದಿನ ಎಂದು ಅತ್ತೆ ನಿಲ್ಲಿಸಿದಳು. ಅಲ್ಲಿದ್ದವರೆಲ್ಲ ಕಾಫಿ ಲೋಟ ಹಿಡಿದು ಬಂದ ಸವಿತಾಳ ಕಾಲಿನ ಕಡೆ ನೋಡಿದರು. ರಟ್ಟೆ ಹಿಡಿದೆಳೆದ ಮಾತು ಕಥೆಯಲ್ಲಿ ಎಲ್ಲೂ ಬರಲಿಲ್ಲ. ನಾನು ಫೋನಿನಲ್ಲಿ ಕತ್ತರಿಸಿದ್ದನ್ನು ಅವಳು ಬಾಯಲ್ಲಿ ಕತ್ತರಿಸಿದ್ದಳು. ನಾನು ಕಾಫಿ ಕುಡಿದು ಎದ್ದುಬಂದೆ.

ಆಷಾಢ ಬಂತು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ತವರಿಗೆ ಹೋಗುತ್ತಾಳೆ, ಶ್ರಾವಣದಲ್ಲಿ ಗಂಡನ ಮನೆಯವರು ಹೋಗಿ ಕರೆತರುತ್ತಾರೆ. ಸವಿತಾಳೂ ಹೋದಳು. ಶ್ರಾವಣ ಹುಟ್ಟಿತು, ಕರೆಯಲು ಯಾರೂ ಹೋಗಲಿಲ್ಲ. ಮಂಜನಿಗೆ ಫೋನು ಮಾಡಿದರೆ, ಅವ್ವ ನೋಡೋಣ ತಡಿ ಅಂತಾಳೆ ಎಂದ. ತವರಲ್ಲಿ ಕುಳಿತ ಹುಡುಗಿ ದಿನವೂ ಬೀದಿ ನೋಡುತ್ತಿದ್ದಾಳೆಂದು ಗೊತ್ತಿದ್ದರೂ ಅವನು ಅವ್ವನ ಮಾತು ಮೀರಲಾರ. ಗೌರಿಹಬ್ಬದವರೆಗೂ ಹೀಗೇ ಎಳೆದರೆ ಆಮೇಲೆ ಕರೆಯುವ ಮಾತೇ ಇರುವುದಿಲ್ಲ, ಪಂಚಾಯ್ತಿಯ ಮಾತಷ್ಟೇ ಉಳಿಯುತ್ತದೆ.

ಕಚೇರಿ ಕೆಲಸದ ಮೇಲೆ ಕೆ.ಆರ್. ಪೇಟೆಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಸವಿತಾಳ ತಂದೆ ಸಿಕ್ಕಿದರು. ಹೇಮಾವತಿ ನಾಲೆಯ ಕೆಳಗೆ ಸ್ವಲ್ಪ ಗದ್ದೆ ಮಾಡಿಕೊಂಡಿರುವ, ಹೆಚ್ಚು ಮಾತಾಡದ ಮನುಷ್ಯ. ನಾನು ಕ್ಷೇಮ ವಿಚಾರಿಸಿದೆ. ಅವರು ಹೆಗಲ ಟವೆಲ್ಲು ಸರಿಮಾಡಿಕೊಂಡು, ಜಗಳದ ದನಿಯಿಲ್ಲದೆ ಕೇಳಿದರು.

“ಅದ್ನಾರ್ನೇ ದಿನ ಅಂತ ಬರುದ್ರಲ್ಲ, ಅದು ನೀವೇ ಅಲ್ವರಾ?”

ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ನನ್ನ ಬಸ್ಸು ಬಂದು ಹೋದದ್ದನ್ನು ಗಮನಿಸದೆ ಅಲ್ಲೇ ನಿಂತಿದ್ದೆ. ಎರಡನೇ ಬಹುಮಾನದ ಲೇಖಕನಿಗೆ ಅಷ್ಟು ಶ್ರದ್ಧೆಯಿಂದ ಓದಿದ ಓದುಗ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಆ ಭಾನುವಾರ ಅತ್ತೆಯ ಮನೆಗೆ ಹೋದೆ, ಬ್ರೆಡ್ಡಿಲ್ಲದೆ. ಫೋನು ಅವಳ ಕೈಗೆ ಕೊಟ್ಟು ಇಡೀ ನಾಲ್ಕು ನಿಮಿಷ ತೋರಿಸಿದೆ. ತನ್ನ ಅಳುವನ್ನು ಅವಳು ಬೇರೆ ಯಾರದೋ ಎಂಬಂತೆ ನೋಡಿದಳು. ರಟ್ಟೆಯ ಮಾತು ಬಂದಾಗ ಅವಳ ಬಲಗೈ ತಾನಾಗಿ ಎಡ ರಟ್ಟೆಯ ಮೇಲೆ ಹೋಗಿ ಕೂತಿತು.

“ನಾನು ಇಂಗಂದಿದ್ನಾ?” ಎಂದಳು. ಆಮೇಲೆ, “ಇದ್ನ ಯಾಕ್ಲಾ ಆವತ್ತೇ ಹಾಕ್ನಿಲ್ಲ?”

ಉದ್ದವಾಯಿತು ಎಂದೆ. ಆ ಉತ್ತರ ನನ್ನ ಕಿವಿಗೇ ಕೇಳಿ ನಾಚಿಕೆಯಾಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ಹೋಗಿ ಒಳ್ಳೆ ಸೀರೆ ಉಟ್ಟುಕೊಂಡು ಬಂದಳು. ಮಂಜನ ಆಟೋದಲ್ಲಿ ಅವನು, ಅವಳು ಮುಂದೆ, ನಾನು ಹಿಂದೆ ಸಾಮಾನು ಹಾಕುವ ಜಾಗದಲ್ಲಿ ಕುಳಿತು ಹೇಮಗಿರಿಯ ದಾರಿ ಹಿಡಿದೆವು. ನನಗೆ ತಕ್ಕ ಜಾಗವೇ ಸಿಕ್ಕಿತ್ತು.

ಸವಿತಾ ನಮಗೆ ನೀರು ತಂದಿಟ್ಟಳು. ಅವಳ ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡರು. ಅತ್ತೆ ಕರೆಯಲು ಬಂದೆವು ಎಂದಳು. ನಾನು ಜಾಣತನ ತೋರಿಸಿ ಫೋನು ಮುಂದೆ ಹಿಡಿದು, ನೋಡಮ್ಮ, ಇದರಲ್ಲಿ ಅತ್ತೆ ನಿನ್ನನ್ನು ಎಷ್ಟು ಹೊಗಳಿದ್ದಾಳೆ, ಇದನ್ನು ಪೂರ್ತಿ ಹಾಕಿಬಿಡುತ್ತೇನೆ, ಎಲ್ಲರಿಗೂ ಗೊತ್ತಾಗುತ್ತದೆ ಎಂದೆ. ಅವಳು ಫೋನಿನ ಕಡೆ ನೋಡಲೇ ಇಲ್ಲ.

“ಅನ್ನೊಂದು ಮನೆ ಶೀಟು ಆರೋಯ್ತಲ್ಲ ಅಣ್ಣ. ಅನ್ನೊಂದು ಮನೆಗೂ ನಾನೇ ಕಾಲಿಕ್ಕಿದ್ನಾ?”

ಆ ಹನ್ನೊಂದರಲ್ಲಿ ಒಂದು ಮನೆ ಮದುವೆಯೇ ಆಗದ ಎಪ್ಪತ್ತು ವರ್ಷದ ಮುದುಕನದು. ಇಷ್ಟು ದಿನ ಅಷ್ಟು ಜನ ಬಂದು ಹೋದರಲ್ಲ, ನಾನು, ಶ್ರೀಕಂಠಮೂರ್ತಿ, ಚಿತ್ರಾನ್ನದವರು, ಯಾರಿಗೂ ಈ ಲೆಕ್ಕ ಹೊಳೆದಿರಲಿಲ್ಲ. ಅವಳು ಅತ್ತೆಯ ಕಡೆ ತಿರುಗಿದಳು.

“ಫೋನಲ್ಲಿ ಬ್ಯಾಡ ಅತ್ತೆ. ನಾನ್ ಬರ್ತೀನಿ. ಯಾರ್ ಮುಂದೆ ಅದ್ನಾರು ದಿನ ಅಂದ್ರೋ, ಅವ್ರ್ ಮುಂದೇ ನೀವೇ ಬಾಯಲ್ಲಿ ಯೋಳಿ.”

ಅತ್ತೆ ಲೋಟದ ನೀರು ಕುಡಿದು ಎದ್ದಳು. ಹುಡುಗಿ ಬ್ಯಾಗು ತಂದು ಆಟೋದಲ್ಲಿಟ್ಟಳು.

ಹಳ್ಳಿಯಲ್ಲಿ ಎಲ್ಲರೂ ದಿನಕ್ಕೆರಡು ಸಲ ತಪ್ಪದೆ ಸೇರುವ ಜಾಗ ಹಾಲಿನ ಡೈರಿ. ಮರುದಿನ ಬೆಳಿಗ್ಗೆ ಅತ್ತೆ ಹಾಲಿನ ಕ್ಯಾನು ಹಿಡಿದು ಹೊರಟಳು, ಸವಿತಾಳನ್ನೂ ಕರೆದುಕೊಂಡಳು. ರಾತ್ರಿ ಅಲ್ಲೇ ಉಳಿದಿದ್ದ ನಾನು ಹಿಂದೆ ಹೋದೆ. ಸಾಲಿನಲ್ಲಿ ಮೂವತ್ತು ಜನರಿದ್ದರು. ನೀರು ಬೆರೆಸಿದೆಯೇ ಎಂದು ಡಿಗ್ರಿ ನೋಡುವವನು ಅತ್ತೆಯ ಹಾಲಿಗೆ ಕೊಳವೆ ಅದ್ದುವಾಗ ಅವಳು ತಿರುಗಿ ನಿಂತು, ಯಾರೂ ಕೇಳದಿದ್ದರೂ ಹೇಳಿದಳು. ಈ ಸಲ ಅವಳ ಕಥೆಗೆ ರೈಲು ಬರಲಿಲ್ಲ, ಉಸಿರೆಳೆಯುವ ಜಾಗಗಳೂ ತಪ್ಪಿದವು. ಮಾತು ತಡವರಿಸಿತು, ಎರಡು ಸಲ ಹಿಂದಕ್ಕೆ ಹೋಗಿ ಬಂದಳು. ನಾನು ಬದುಕಿರುವುದು ಇವಳಿಂದ, ಇವಳ ಕಾಲಿನ ಮಾತು ಆಡಿದ್ದು ನನ್ನ ತಪ್ಪು, ಇನ್ನು ಯಾರಾದರೂ ಆಡಿದರೆ ನನ್ನ ಮನೆ ಕಾಫಿ ಮುಟ್ಟಬೇಡಿ ಎಂದಳು. ಅರವತ್ತೈದರ ಹೆಂಗಸು ಊರ ಮುಂದೆ, ಸೊಸೆಯ ಎದುರಿಗೆ ತಪ್ಪು ಎಂಬ ಮಾತನ್ನು ಆಡುವುದನ್ನು ನಾನು ಅದೇ ಮೊದಲು ಕೇಳಿದ್ದು. ಒಬ್ಬಿಬ್ಬರು ತಲೆತಗ್ಗಿಸಿದರು, ಉಳಿದವರು ಸಾಲು ಮುಂದೆ ಸರಿಯಲಿ ಎಂದರು. ಆವತ್ತು ಯಾರೂ ಫೋನು ಹೊರಗೆ ತೆಗೆಯಲಿಲ್ಲ.

ಪೂರ್ತಿ ವಿಡಿಯೋವನ್ನು ತುಂಡು ತುಂಡು ಮಾಡಿ ನಾನು ಆ ವಾರವೇ ಹಾಕಿದೆ, ಕೆಳಗೆ ಏನೂ ಬರೆಯದೆ. ಮೊದಲನೆಯದನ್ನು ಮೂರು ತಾಲ್ಲೂಕು ನೋಡಿತ್ತು. ಇದನ್ನು ಕೊನೆಯ ತುಂಡಿನವರೆಗೆ ನೋಡಿದವರು ಐದು ಜನ, ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಶ್ರೀಕಂಠಮೂರ್ತಿಗಳು ಎರಡನೇ ತುಂಡಿಗೇ ಬಿಟ್ಟು, ಇದರಲ್ಲಿ ಗಾಳಿಯೇ ಇಲ್ಲವಲ್ಲ ರೀ ಎಂದರು.

ಇದೆಲ್ಲ ಹಳೆಯದಾಯಿತು. ಸವಿತಾಳ ಮಗಳಿಗೀಗ ಎರಡು ವರ್ಷ. ಹೋದ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ, ಯಾರಿಗೂ ಏನೂ ಆಗದಿದ್ದರೂ. ಊಟ ಮಾಡಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಸುತ್ತಲಿನವರಿಗೆ ನಾನೇ ಆ ಗಾಳಿಯ ಕಥೆ ಹೇಳುತ್ತಿದ್ದೆ. ಅದರ ಬಣ್ಣ, ವೇಗ, ದಿಕ್ಕು, ಎಲ್ಲ ನನಗೆ ಬಾಯಿಪಾಠ. ನಾಲ್ಕು ವರ್ಷದಿಂದ ಹೇಳುತ್ತಿದ್ದೇನಲ್ಲ. ಅಷ್ಟರಲ್ಲಿ ಪಡುವಣ ಕಪ್ಪಾಯಿತು. ಶೀಟು ಒಂದು ಸಲ ಕಟಕಟ ಎಂದಿತು. ಕಥೆ ಕೇಳುತ್ತಿದ್ದ ನೆರೆಯವರು ಎದ್ದು ತಮ್ಮ ತಮ್ಮ ಮನೆಗೆ ಓಡಿದರು. ನನ್ನ ಕಥೆಗೆ ಏನೋ ಸೇರಿಸುತ್ತಿದ್ದ ಅತ್ತೆಯ ಮಾತು ಅರ್ಧಕ್ಕೇ ನಿಂತಿತು, ಅವಳ ಬಾಯಿ ತೆರೆದೇ ಇತ್ತು. ಆಮೇಲೆ ಶೀಟಿನ ಒಂದು ಅಂಚು ಎದ್ದು ಬಡಿಯಿತು. ಆ ಶಬ್ದ ರೈಲಿನ ಹಾಗಿರಲಿಲ್ಲ. ಯಾವುದರ ಹಾಗೂ ಇರಲಿಲ್ಲ. ನನಗೆ ಏಳಲಾಗಲಿಲ್ಲ.

ಒಂದು ಕಂಕುಳಲ್ಲಿ ಮಗುವಿತ್ತು, ಅದೇ ಕೈಯಲ್ಲಿ ಅತ್ತೆಯ ಸೆರಗಿತ್ತು. ಇನ್ನೊಂದು ಕೈ ಬಂದು ನನ್ನ ರಟ್ಟೆ ಹಿಡಿದು ಎಳೆಯಿತು. ಅಡುಗೆಮನೆಯ ಮೂಲೆಯಲ್ಲಿ ನಾವು ನಾಲ್ವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತೆವು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದುದು ಮಗುವಿಗೂ ಕೇಳಿಸಿರಬೇಕು, ಅದು ಬೆರಳಿಟ್ಟು ನನ್ನ ಬಾಯಿ ಮುಟ್ಟಿ ನೋಡಿತು. ನಾಲ್ಕು ನಿಮಿಷವೂ ಆಗಿರಲಾರದು. ಬರೀ ಮಳೆಗಾಳಿ, ಹೊರಗೆ ದಪ್ಪ ಹನಿ ಬೀಳತೊಡಗಿತು.

“ಓಯ್ತು ಕಣಣ್ಣ, ಏನಿಲ್ಲ. ನನ್ ಕೈ ಬುಡಿ,” ಎಂದಳು ಸವಿತಾ.

ನೋಡಿದರೆ, ಅವಳ ಮುಂಗೈಯನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಬಿಡಬೇಕೆಂದು ತಿಳಿಯುತ್ತಿತ್ತು, ಬೆರಳು ಬಿಚ್ಚಲಿಲ್ಲ. ಅವಳು ಎಳೆದುಕೊಳ್ಳಲಿಲ್ಲ, ಬಿಚ್ಚುವವರೆಗೆ ಹಾಗೇ ಕುಳಿತಿದ್ದಳು.